ಇಳಿಯದೆ ಮೇಲೇರುವ ವಿದ್ಯೆ

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ವಿಮಾನ ಘಟ್ಟ ದಾಟಿದ ಮೇಲೆ ಅದಕ್ಕೆ ಉಳಿಯುವ ಹಾದಿ ಕಡಿಮೆ. ಹಿಂದೆ ಕುದುರೆಮುಖದ 1,894 ಮೀಟರ್ ಎತ್ತರದ ಶಿಖರ, ಅದರ ಬುಡದಲ್ಲೇ ಬೆಳ್ತಂಗಡಿ ತಾಲ್ಲೂಕಿನ ತೋಟಗಳು, ಮುಂದೆ ಕಡಲು. ಗಾಳಿ ಕಡಲಿನ ಕಡೆಯಿಂದ ಬೀಸುವ ದಿನಗಳಲ್ಲಿ ವಿಮಾನ ಮೂಡುಬಿದಿರೆಗೆ ಸಮೀಪದ ಆಕಾಶದಲ್ಲಿ ನೈರುತ್ಯಕ್ಕೆ ಮುಖ ತಿರುಗಿಸಿ, ಎಡಪದವು, ಗಂಜಿಮಠದ ಕಡೆಯ ಗುಡ್ಡಗಳ ಮೇಲಿಂದ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ರನ್‌ವೇಗೆ ನೇರವಾಗುತ್ತದೆ. ಮೂಡುಬಿದಿರೆಯ ಆಸುಪಾಸಿನಲ್ಲಿ ಅದರ ಎತ್ತರ ರನ್‌ವೇಗಿಂತ ಸುಮಾರು ಮೂರು ಸಾವಿರ ಅಡಿ ಮೇಲೆ. ಗಂಜಿಮಠದ ಹೊತ್ತಿಗೆ ಸಾವಿರ ಅಡಿ. ನಡುವಿನ ಹಾದಿಗೆ ಬೇಕಾಗುವುದು ಮೂರು ನಿಮಿಷ. ಪೈಲಟ್‌ನ ಕೆಲಸದ ತಿರುಳು ಇರುವುದು ಈ ಮೂರು ನಿಮಿಷಗಳಲ್ಲಿ. ಆ ಕೆಲಸದ ಬಗ್ಗೆ ಜನರು ತಪ್ಪು ತಿಳಿಯುವುದೂ ಹೆಚ್ಚಾಗಿ ಇಲ್ಲೇ.

ಬಜಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಅಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು. 2006ರಲ್ಲಿ ಬಳಕೆಗೆ ಬಂದ ಹೊಸ ರನ್‌ವೇ 2,450 ಮೀಟರ್. ಎರಡೂ ಗುಡ್ಡದ ನೆತ್ತಿಯನ್ನು ಸವರಿ ಮಾಡಿದವು; ತುದಿ ಮುಗಿದಲ್ಲಿ ನೆಲವೂ ಮುಗಿಯುತ್ತದೆ, ಕೆಳಗೆ ಕಣಿವೆ. ಇಂಥದ್ದನ್ನು ಟೇಬಲ್‌ಟಾಪ್ ರನ್‌ವೇ ಎನ್ನುತ್ತಾರೆ. ಸಮತಟ್ಟಾದ ಊರಿನಲ್ಲಿ ರನ್‌ವೇ ದಾಟಿದ ವಿಮಾನ ಹುಲ್ಲಿನಲ್ಲೋ ಕೆಸರಿನಲ್ಲೋ ಹೂತು ನಿಲ್ಲುತ್ತದೆ. ಇಲ್ಲಿ ಆ ಅವಕಾಶವಿಲ್ಲ. ಆದ್ದರಿಂದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಂಗಳೂರನ್ನು ವಿಶೇಷ ಎಚ್ಚರ ಬೇಕಾದ ನಿಲ್ದಾಣವೆಂದು ಗುರುತಿಸಿತು. ಇಲ್ಲಿ ವಿಮಾನ ಏರಿಸುವುದೂ ಇಳಿಸುವುದೂ ಕ್ಯಾಪ್ಟನ್‌ನ ಕೈಯಲ್ಲೇ ಇರಬೇಕು, ಕೋ-ಪೈಲಟ್‌ಗೆ ಬಿಡುವಂತಿಲ್ಲ ಎಂಬ ನಿಯಮ ಬಂದದ್ದು ಹೀಗೆ.

ಇಳಿಯುವ ಹಾದಿಯ ಇಳಿಜಾರು ಮೂರು ಡಿಗ್ರಿ. ಪ್ರತಿ ನಾಟಿಕಲ್ ಮೈಲಿಗೆ ಸುಮಾರು ಮುನ್ನೂರು ಅಡಿ ಕೆಳಗಿಳಿಯಬೇಕು. ಸಾವಿರ ಅಡಿಯ ಎತ್ತರದಲ್ಲಿ ಒಂದು ಲೆಕ್ಕ ಮುಗಿದಿರಬೇಕು: ಚಕ್ರ ಹೊರಬಂದಿರಬೇಕು, ರೆಕ್ಕೆಯ ಫ್ಲ್ಯಾಪ್‌ಗಳು ಪೂರ್ತಿ ಬಿಚ್ಚಿರಬೇಕು, ವೇಗ ಇಷ್ಟೇ ಎಂದು ನಿಂತಿರಬೇಕು, ಇಳಿಜಾರಿನ ಗೆರೆ ತಪ್ಪಿರಬಾರದು. ಇವುಗಳಲ್ಲಿ ಒಂದು ತಪ್ಪಿದ್ದರೂ ಇಳಿಯುವ ಆಸೆ ಬಿಟ್ಟು ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮೇಲೇರಬೇಕು. ಇದಕ್ಕೆ ಗೋ-ಅರೌಂಡ್ ಎಂದು ಹೆಸರು. ಮಳೆಗಾಲದಲ್ಲಿ ಬಜಪೆಯ ಗುಡ್ಡವನ್ನು ಮೋಡ ಮುಚ್ಚಿಕೊಂಡಾಗ ಇದು ಅಪರೂಪದ ಸಂಗತಿಯೇನಲ್ಲ. ಎರಡು ಸಲ ಯತ್ನಿಸಿ ಆಗದಿದ್ದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಹೋಗುತ್ತದೆ.

ಒಳಗೆ ಕುಳಿತ ಪ್ರಯಾಣಿಕರಿಗೆ ಇದು ಬೇರೆಯೇ ರೀತಿ ತೋರುತ್ತದೆ. ತೆಂಗಿನ ತೋಟ, ಹಂಚಿನ ಮಾಡು, ಕೆಂಪು ಮಣ್ಣಿನ ದಾರಿ ಕಿಟಕಿಯಲ್ಲಿ ಕಂಡು ಇನ್ನೇನು ಮುಟ್ಟಿತು ಎನ್ನುವಾಗ ಎಂಜಿನ್ ಗರ್ಜಿಸಿ, ಬೆನ್ನು ಸೀಟಿಗೆ ಒತ್ತಿ, ಊರು ಮತ್ತೆ ಮೋಡದೊಳಗೆ ಹೋಗುತ್ತದೆ. ಕೆಲವರು ದೇವರ ಹೆಸರು ಹೇಳುತ್ತಾರೆ. ಹೊರಗೆ ಕಾದವರಿಗೆ ‘ಕೂದಲೆಳೆಯಲ್ಲಿ ಪಾರು’ ಎಂಬ ಸುದ್ದಿ ಮುಟ್ಟುತ್ತದೆ. ಪೈಲಟ್‌ಗೆ ಅನುಭವ ಸಾಲದು ಎಂಬ ಮಾತೂ ಬರುತ್ತದೆ. ನಿಜಕ್ಕೂ ಆ ಕ್ಷಣದಲ್ಲಿ ನಡೆದದ್ದು ಪೈಲಟ್ ತನ್ನ ವಿದ್ಯೆಯ ಅತ್ಯಂತ ಮುಖ್ಯ ಭಾಗವನ್ನು ಸರಿಯಾಗಿ ಬಳಸಿದ್ದು. ಇಳಿಯದಿರುವುದು ಆ ವಿದ್ಯೆಯ ಒಳಗೇ ಇದೆ.

ಇನ್ನೊಂದು ತಪ್ಪು ನಂಬಿಕೆ ಮೆತ್ತಗಿನ ಲ್ಯಾಂಡಿಂಗ್‌ನದ್ದು. ಹೂವಿನಂತೆ ಮುಟ್ಟಿಸಿದರೆ ಒಳ್ಳೆಯ ಪೈಲಟ್, ಧಡ್ ಎಂದರೆ ಕೆಟ್ಟವನು ಎಂದು ಹೆಚ್ಚಿನವರು ಭಾವಿಸುತ್ತಾರೆ. ಒದ್ದೆ ರನ್‌ವೇಯಲ್ಲಿ ಮೆತ್ತಗೆ ಮುಟ್ಟಿಸಲು ಹೊರಟ ವಿಮಾನ ನೆಲದ ಮೇಲೆ ತೇಲುತ್ತಾ ಹೋಗುತ್ತದೆ. ಆ ತೇಲಾಟದಲ್ಲಿ ನೂರಾರು ಅಡಿ ರನ್‌ವೇ ಹಿಂದೆ ಸರಿಯುತ್ತದೆ. ಟೈರಿಗೂ ನೆಲಕ್ಕೂ ನಡುವೆ ನೀರಿನ ಪದರ ನಿಂತರೆ ಬ್ರೇಕ್ ಹಿಡಿಯುವುದಿಲ್ಲ. ಗಟ್ಟಿಯಾಗಿ ಕೂತ ಚಕ್ರ ಆ ಪದರವನ್ನು ಒಡೆಯುತ್ತದೆ. ಚಕ್ರದ ಮೇಲೆ ಭಾರ ಬಿದ್ದದ್ದು ಗೊತ್ತಾದ ಮೇಲೆಯೇ ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಎದ್ದು, ರೆಕ್ಕೆಯ ಎತ್ತುವ ಬಲವನ್ನು ಕೆಡಿಸಿ, ವಿಮಾನವನ್ನು ನೆಲಕ್ಕೆ ಒತ್ತಿ ಹಿಡಿಯುತ್ತವೆ. ಜುಲೈ ತಿಂಗಳಲ್ಲಿ ಬಜಪೆಯಲ್ಲಿ ಸೊಂಟ ಅಲುಗುವಂತೆ ಇಳಿದ ವಿಮಾನದ ಕ್ಯಾಪ್ಟನ್‌ಗೆ ಕೃತಜ್ಞತೆ ಸಲ್ಲಬೇಕು.

ಗುಡ್ಡದ ಮೇಲೆ ಉದ್ದ ಸಾಲದೆ ಹೋದ ಮೊದಲ ದೊಡ್ಡ ಘಟನೆ 1981ರ ಆಗಸ್ಟ್ 19ರದ್ದು. ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಮಳೆಯಲ್ಲಿ ಹಳೆಯ ರನ್‌ವೇಯನ್ನು ದಾಟಿ ಅಂಚಿನಾಚೆ ನಿಂತಿತು. ಜೀವಹಾನಿ ಆಗಲಿಲ್ಲ; ವಿಮಾನ ಮತ್ತೆ ಹಾರುವಂತಿರಲಿಲ್ಲ. ಅದರಲ್ಲಿದ್ದ ಪ್ರಯಾಣಿಕರಲ್ಲಿ ಒಬ್ಬರು ಮೂಡುಬಿದಿರೆಯವರೇ ಆದ, ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯಿಲಿ.

ಎರಡನೆಯದನ್ನು ಕರಾವಳಿಯ ಜನ ಮರೆತಿಲ್ಲ. 2010ರ ಮೇ 22ರ ಬೆಳಿಗ್ಗೆ ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ಗಲ್ಫ್‌ನಲ್ಲಿ ದುಡಿಯುವವರಿಲ್ಲದ ಊರು ಕರಾವಳಿಯಲ್ಲಿ ಸಿಗುವುದು ಕಷ್ಟ. ಆ ಬೆಳಿಗ್ಗೆ ಎಷ್ಟೋ ಮನೆಗಳು ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂತಿದ್ದವು.

ತನಿಖಾ ನ್ಯಾಯಾಲಯದ ವರದಿಯನ್ನು ಓದಿದರೆ ಪೈಲಟ್ ಕೆಲಸದ ಒಳಗಿನ ಎರಡು ದೊಡ್ಡ ಸಮಸ್ಯೆಗಳು ಒಟ್ಟಿಗೆ ಕಾಣುತ್ತವೆ. ಮೊದಲನೆಯದು ನಿದ್ದೆ. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿದ್ದದ್ದು 2 ಗಂಟೆ 5 ನಿಮಿಷಗಳ ಶಬ್ದ. ಅದರ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಅವರು ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹೋಗಿ, ಅದೇ ವಿಮಾನದಲ್ಲಿ ಮರಳಿ ಬರುತ್ತಿದ್ದವರು. ಗಾಢ ನಿದ್ದೆಯಿಂದ ಎದ್ದ ಮೆದುಳಿಗೆ ಸ್ವಲ್ಪ ಹೊತ್ತು ಮಂಪರು ಇರುತ್ತದೆ. ಕಣ್ಣು ತೆರೆದಿದ್ದರೂ ಲೆಕ್ಕ, ಅಂದಾಜು ಜಾಗಕ್ಕೆ ಬಂದಿರುವುದಿಲ್ಲ. ಮಂಗಳೂರಿನ ರಾಡಾರ್ ಕೂಡ ಆಗ ಕೆಟ್ಟಿತ್ತು. ಹಾಗಾಗಿ ಇಳಿಯಲು ಅನುಮತಿ ತಡವಾಗಿ ಸಿಕ್ಕಿತು. ವಿಮಾನ ಬೇಕಾದದ್ದಕ್ಕಿಂತ ಎತ್ತರದಲ್ಲಿ, ಬೇಕಾದದ್ದಕ್ಕಿಂತ ವೇಗದಲ್ಲಿ ರನ್‌ವೇಯ ಕಡೆಗೆ ಬಂತು. ರನ್‌ವೇಯ ಅಂಚಿನ ಮೇಲೆ 50 ಅಡಿ ಎತ್ತರದಲ್ಲಿ ಇರಬೇಕಿದ್ದದ್ದು ಸುಮಾರು 200 ಅಡಿಯಲ್ಲಿತ್ತು. 8,033 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ.

ಎರಡನೆಯದು ಮಾತು. ಪಕ್ಕದ ಸೀಟಿನಲ್ಲಿದ್ದ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್, ಮೂರು ಸಲ ಗೋ-ಅರೌಂಡ್ ಎಂದರು. ವಿಮಾನದ ಎಚ್ಚರಿಕೆಯ ಯಂತ್ರವೂ ‘ಸಿಂಕ್ ರೇಟ್’ (ಅತಿ ವೇಗವಾಗಿ ಇಳಿಯುತ್ತಿದೆ), ‘ಪುಲ್ ಅಪ್’ (ಮೇಲೇರಿಸಿ) ಎಂದು ಕೂಗುತ್ತಲೇ ಇತ್ತು. ಕ್ಯಾಪ್ಟನ್ ಇಳಿಯುವುದನ್ನು ಬಿಡಲಿಲ್ಲ. ಫಸ್ಟ್ ಆಫೀಸರ್ ಕಂಟ್ರೋಲನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಿದ ಹಿರಿಯರ ಮುಂದೆ ಕಿರಿಯರು ಸರಿಯಾದುದನ್ನೇ ಹೇಳಿದರು. ಆದರೆ ಹೇಳಿದ್ದು ನಡೆಯಲಿಲ್ಲ.

ಹಿರಿಯರಿಗೆ ಎದುರಾಡಬಾರದು ಎಂಬ ಶಿಸ್ತು ಮನೆಯಲ್ಲಿ ಒಳ್ಳೆಯದಿರಬಹುದು. ಕಾಕ್‌ಪಿಟ್‌ನಲ್ಲಿ ಅದು ಜೀವ ತೆಗೆಯುತ್ತದೆ ಎಂಬುದನ್ನು ಜಗತ್ತು ಕಲಿತದ್ದು 1977ರ ಮಾರ್ಚ್ 27ರಂದು. ಸ್ಪೇನ್‌ನ ಟೆನೆರಿಫೆ ದ್ವೀಪದಲ್ಲಿ, ದಟ್ಟ ಮಂಜಿನಲ್ಲಿ, ಅನುಮತಿ ಸಿಗುವ ಮೊದಲೇ ಓಡಲು ಶುರುಮಾಡಿದ ಒಂದು ಬೋಯಿಂಗ್ 747 ರನ್‌ವೇಯಲ್ಲಿದ್ದ ಇನ್ನೊಂದಕ್ಕೆ ಅಪ್ಪಳಿಸಿ 583 ಮಂದಿ ಸತ್ತರು. ಓಡಲು ಶುರುಮಾಡಿದ ವಿಮಾನದ ಕ್ಯಾಪ್ಟನ್ ತಮ್ಮ ಸಂಸ್ಥೆಯ ಅತಿ ಹಿರಿಯರಲ್ಲಿ ಒಬ್ಬರು; ಜೊತೆಗಿದ್ದವರ ಅನುಮಾನ ಗಟ್ಟಿ ಮಾತಾಗಿ ಹೊರಬರಲಿಲ್ಲ. ಇದರ ನಂತರವೇ ಸಿಬ್ಬಂದಿ ಒಬ್ಬರನ್ನೊಬ್ಬರು ತಿದ್ದುವ ತರಬೇತಿ ಎಲ್ಲೆಡೆ ಬಂತು. ಇಂದು ಪ್ರತಿ ಹಾರಾಟದಲ್ಲೂ ಒಬ್ಬರು ವಿಮಾನ ನಡೆಸಿದರೆ ಇನ್ನೊಬ್ಬರ ಕೆಲಸವೇ ನೋಡುತ್ತಿರುವುದು, ತಪ್ಪಿದ್ದನ್ನು ಬಾಯಿಬಿಟ್ಟು ಹೇಳುವುದು. ಹೇಳಿ, ಮತ್ತೆ ಹೇಳಿ, ಆಗಲೂ ಉತ್ತರ ಬಾರದಿದ್ದರೆ ‘ಐ ಹ್ಯಾವ್ ಕಂಟ್ರೋಲ್’ ಎಂದು ಕೈ ಹಾಕಬೇಕು. ಇಪ್ಪತ್ತೈದರ ಹುಡುಗಿ ಐವತ್ತೈದರ ಕ್ಯಾಪ್ಟನ್‌ಗೆ ಇದನ್ನು ಹೇಳುವಂತಾಗಲು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ನಮ್ಮ ನಾಲಿಗೆಯಲ್ಲಿ ‘ಸರ್’ ಎಂಬ ಪದ ಎಷ್ಟು ಆಳವಾಗಿ ಕೂತಿದೆ ಎಂದು ಬಲ್ಲವರಿಗೆ ಈ ಅಭ್ಯಾಸದ ಬೆಲೆ ಗೊತ್ತಾಗುತ್ತದೆ.

ನಿದ್ದೆಯ ವಿಚಾರ ಇನ್ನೂ ತೊಡಕಿನದ್ದು. ಕರಾವಳಿಯವರಿಗೆ ಇದನ್ನು ತಿಳಿಯಲು ಯಕ್ಷಗಾನದ ಬಯಲಾಟ ಸಾಕು. ಇಡೀ ರಾತ್ರಿಯ ಆಟದಲ್ಲಿ ಹನ್ನೆರಡು, ಒಂದು ಗಂಟೆಯವರೆಗೆ ಚಾಪೆಯ ಮೇಲೆ ನೆಟ್ಟಗೆ ಕೂತವರು ಮೂರು, ನಾಲ್ಕರ ಹೊತ್ತಿಗೆ ಒಬ್ಬರ ಮೇಲೊಬ್ಬರು ವಾಲಿರುತ್ತಾರೆ. ಚೆಂಡೆಯ ಪೆಟ್ಟು ಕಿವಿಯ ಪಕ್ಕದಲ್ಲೇ ಬಿದ್ದರೂ ಏಳುವುದಿಲ್ಲ. ಅದು ಆಸಕ್ತಿಯ ಕೊರತೆಯಿಂದ ಬರುವುದಲ್ಲ. ಮನುಷ್ಯನ ದೇಹದ ಗಡಿಯಾರವೇ ಬೆಳಗಿನ ಜಾವದಲ್ಲಿ ಇಳಿಯುತ್ತದೆ. ಗಲ್ಫ್‌ನ ವಿಮಾನಗಳಲ್ಲಿ ಹಲವು ಬಂದಿಳಿಯುವುದು ಇದೇ ಹೊತ್ತಿಗೆ. ಬೆಳ್ತಂಗಡಿಯವರು ವೇಣೂರು, ಮೂಡುಬಿದಿರೆ ದಾರಿಯಲ್ಲೋ, ಬಂಟ್ವಾಳದವರು ಪೊಳಲಿ, ಕೈಕಂಬ ದಾರಿಯಲ್ಲೋ ಕಾರಿನಲ್ಲಿ ತೂಕಡಿಸುತ್ತಾ ಬಜಪೆಗೆ ಬರುವಾಗ, ಅವರು ಕಾಯುತ್ತಿರುವ ವಿಮಾನದ ಇಬ್ಬರು ಪೈಲಟ್‌ಗಳೂ ಅದೇ ಜಾವದ ವಿರುದ್ಧ ಹೋರಾಡುತ್ತಿರುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬಸ್ಸಿನ ಚಾಲಕನಿಗೆ ಕಣ್ಣು ಕೂರಿದರೆ ಬದಿಗೆ ನಿಲ್ಲಿಸಿ ಮುಖ ತೊಳೆಯಬಹುದು. ಮೂವತ್ತೈದು ಸಾವಿರ ಅಡಿಯಲ್ಲಿ ಆ ಬದಿಯಿಲ್ಲ. ಅದಕ್ಕಾಗಿ ನಿಯಮದೊಳಗೇ ಒಂದು ದಾರಿ ಮಾಡಿದ್ದಾರೆ: ಒಬ್ಬರು ಎಚ್ಚರವಿದ್ದು, ಕ್ಯಾಬಿನ್ ಸಿಬ್ಬಂದಿಗೆ ತಿಳಿಸಿ, ಇನ್ನೊಬ್ಬರು ಸೀಟಿನಲ್ಲೇ ಅಳತೆಯ ಕಿರುನಿದ್ದೆ ಮಾಡುವುದು. ಇಳಿಯುವುದಕ್ಕೆ ಸಾಕಷ್ಟು ಮುಂಚೆ ಎದ್ದು ಮಂಪರು ಕಳೆದಿರಬೇಕು ಎಂಬುದು ಅದರ ಷರತ್ತು. ‘ಪೈಲಟ್ ಮಲಗಿದ್ದ’ ಎಂಬ ಸುದ್ದಿ ಓದಿ ಗಾಬರಿಯಾಗುವವರು ಈ ಅಳತೆಯ ನಿದ್ದೆಯನ್ನೂ ಅಳತೆ ತಪ್ಪಿದ ನಿದ್ದೆಯನ್ನೂ ಬೇರೆ ಬೇರೆಯಾಗಿ ನೋಡಬೇಕು.

ಪೈಲಟ್ ವರ್ಷಕ್ಕೆ ಸಾವಿರ ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಇದನ್ನು ಕೇಳಿ ‘ದಿನಕ್ಕೆ ಮೂರು ಗಂಟೆಯೂ ಕೆಲಸವಿಲ್ಲ’ ಎಂದು ಲೆಕ್ಕ ಹಾಕುವವರಿದ್ದಾರೆ. ಆ ಸಾವಿರ ಗಂಟೆಯಲ್ಲಿ ಹಾರಾಟ ಮಾತ್ರ ಸೇರುತ್ತದೆ. ಮನೆಯಿಂದ ನಿಲ್ದಾಣಕ್ಕೆ ಬರುವುದು, ಹವಾಮಾನ ಮತ್ತು ಇಂಧನದ ಲೆಕ್ಕ ನೋಡುವುದು, ತಡವಾದ ವಿಮಾನಕ್ಕೆ ಕಾಯುವುದು, ಕರೆ ಬಂದರೆ ಹೊರಡಬೇಕೆಂದು ಮನೆಯಲ್ಲೇ ಸಿದ್ಧವಾಗಿ ಕೂರುವುದು, ಇನ್ನೊಂದು ಊರಿನ ಹೋಟೆಲಿನಲ್ಲಿ ಹಗಲು ಹೊತ್ತು ಪರದೆ ಎಳೆದು ನಿದ್ದೆಗೆ ಹೆಣಗುವುದು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ದಿನ ನಾಲ್ಕು ಸಣ್ಣ ಹಾರಾಟಗಳು ಒಂದು ಉದ್ದ ಹಾರಾಟಕ್ಕಿಂತ ಹೆಚ್ಚು ದಣಿಸುತ್ತವೆ. ದಣಿವು ಇರುವುದು ಏರುವಲ್ಲಿ, ಇಳಿಯುವಲ್ಲಿ. 2023ರ ಆಗಸ್ಟ್‌ನಲ್ಲಿ ನಾಗ್ಪುರದ ನಿಲ್ದಾಣದಲ್ಲಿ, ಹಾರಾಟಕ್ಕೆ ಹೊರಟಿದ್ದ ಪೈಲಟ್ ಒಬ್ಬರು ಬೋರ್ಡಿಂಗ್ ಗೇಟಿನ ಬಳಿ ಕುಸಿದು ತೀರಿಕೊಂಡಾಗ ದಣಿವಿನ ಮಾತು ದೇಶದಲ್ಲಿ ಜೋರಾಗಿ ಎದ್ದಿತು.

2024ರ ಜನವರಿಯಲ್ಲಿ ಡಿಜಿಸಿಎ ಡ್ಯೂಟಿಯ ನಿಯಮಗಳನ್ನು ತಿದ್ದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ನಡುರಾತ್ರಿಯಿಂದ ಬೆಳಿಗ್ಗೆ ಐದರವರೆಗೆ ಎಂದಿದ್ದುದು ಆರರವರೆಗೆ ಎಂದಾಯಿತು. ರಾತ್ರಿ ಡ್ಯೂಟಿಯಲ್ಲಿ ಆರು ಲ್ಯಾಂಡಿಂಗ್‌ವರೆಗೆ ಇದ್ದ ಅವಕಾಶ ಎರಡಕ್ಕೆ ಇಳಿಯಿತು. ವಿಮಾನ ಸಂಸ್ಥೆಗಳು ಒಪ್ಪದೆ ಜಾರಿ ಮುಂದೆ ಹೋಯಿತು. ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ 2025ರ ಜುಲೈ 1ರಿಂದ ಮತ್ತು ನವೆಂಬರ್ 1ರಿಂದ ಎರಡು ಹಂತಗಳಲ್ಲಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ಸಂಸ್ಥೆ ಇಂಡಿಗೋಗೆ ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳು ಇಲ್ಲದೆ ಸಾವಿರಾರು ಹಾರಾಟಗಳು ರದ್ದಾದವು. ಸರ್ಕಾರ ಆ ಸಂಸ್ಥೆಗೆ 2026ರ ಫೆಬ್ರುವರಿ 10ರವರೆಗೆ ಕೆಲವು ವಿನಾಯಿತಿ ಕೊಟ್ಟಿತು. ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರ ಸಿಟ್ಟು ಪೈಲಟ್‌ಗಳ ಕಡೆಗೂ ತಿರುಗಿತು. ಎರಡು ವರ್ಷ ಮೊದಲೇ ಗೊತ್ತಿದ್ದ ನಿಯಮಕ್ಕೆ ಸಿದ್ಧವಾಗದಿದ್ದದ್ದು ಡ್ಯೂಟಿಯ ಪಟ್ಟಿ, ಅಂದರೆ ರೋಸ್ಟರ್ ಮಾಡುವವರ ತಪ್ಪು. ರೋಸ್ಟರ್ ಪ್ರಕಾರ ದುಡಿಯುವವರದ್ದಲ್ಲ.

ವಿಶ್ರಾಂತಿಯ ಬಗ್ಗೆ ಪೈಲಟ್‌ಗಳ ನಡುವೆಯೇ ಎರಡು ತಲೆಮಾರಿನ ಎರಡು ನಿಲುವುಗಳಿವೆ. 1953ರಿಂದ ನಾಲ್ಕು ದಶಕ ದೇಶದೊಳಗಿನ ನಿಗದಿತ ವಿಮಾನಸೇವೆ ಸರ್ಕಾರದ್ದೇ ಆಗಿತ್ತು. ಆಗಿನ ಪೈಲಟ್‌ಗಳಲ್ಲಿ ಹಲವರು ವಾಯುಪಡೆಯಿಂದ ಬಂದವರು. ಡಕೋಟಾ, ಆವ್ರೋಗಳಲ್ಲಿ ಕೈಯಿಂದಲೇ ಹಾರಿ, ಮಳೆಗಾಲದಲ್ಲಿ ಬಜಪೆಯ ಸಣ್ಣ ರನ್‌ವೇಯನ್ನು ಕಣ್ಣಿನಿಂದಲೇ ಹುಡುಕಿ ಇಳಿದವರು. ಕೆಲಸ ಒಮ್ಮೆ ಸಿಕ್ಕರೆ ನಿವೃತ್ತಿಯವರೆಗೆ, ಸೀನಿಯಾರಿಟಿಯೇ ನ್ಯಾಯ. ದಣಿವನ್ನು ಹೇಳಿಕೊಳ್ಳುವುದು ಅವರಿಗೆ ಮರ್ಯಾದೆಯ ಪ್ರಶ್ನೆ.

2003ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಗೊರೂರಿನ ಜಿ.ಆರ್. ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿ ಅಗ್ಗದ ಟಿಕೆಟ್ ತಂದರು. ವಿಮಾನಗಳು ಹೆಚ್ಚಿದವು, ಪೈಲಟ್‌ಗಳು ಸಾಲದೆ ವಿದೇಶದಿಂದ ಕ್ಯಾಪ್ಟನ್‌ಗಳನ್ನು ಕರೆಸಿದರು. ಬಂಟ್ವಾಳ ಮೂಲದ ಮಲ್ಯ ಕುಟುಂಬದ ವಿಜಯ್ ಮಲ್ಯ 2005ರಲ್ಲಿ ಬೆಂಗಳೂರಿನಿಂದ ಕಿಂಗ್‌ಫಿಶರ್ ಆರಂಭಿಸಿದರು. ಅದು 2012ರ ಅಕ್ಟೋಬರ್‌ನಲ್ಲಿ ನಿಂತಾಗ ಪೈಲಟ್‌ಗಳಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್ ನಿಂತವು. ಇದನ್ನೆಲ್ಲ ನೋಡಿ ಬಂದ ತಲೆಮಾರಿಗೆ ಸಂಸ್ಥೆಯ ಮೇಲೆ ಹಳೆಯವರಿಗಿದ್ದ ನಿಷ್ಠೆ ಇಲ್ಲ. ರೋಸ್ಟರ್ ತಪ್ಪಿದರೆ ಬರೆದು ಕೊಡುತ್ತಾರೆ, ದಣಿವಾದರೆ ‘ಆಗುವುದಿಲ್ಲ’ ಎನ್ನುತ್ತಾರೆ. ಹಿರಿಯರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಈ ವಿಷಯದಲ್ಲಿ ಕಿರಿಯರದ್ದೇ ಸರಿ. 2010ರ ಧ್ವನಿಮುದ್ರಿಕೆಯ ಆ 1 ಗಂಟೆ 40 ನಿಮಿಷಕ್ಕೆ ಬೇರೆ ಅರ್ಥ ಹಚ್ಚುವುದು ಕಷ್ಟ.

ಕೈಯಿಂದ ಹಾರುವ ಅಭ್ಯಾಸದ ವಿಷಯದಲ್ಲಿ ಮಾತ್ರ ಹಿರಿಯರ ಆತಂಕಕ್ಕೆ ಆಧಾರವಿದೆ. 2009ರ ಜೂನ್ 1ರಂದು ಏರ್ ಫ್ರಾನ್ಸ್‌ನ ವಿಮಾನವೊಂದು ಅಟ್ಲಾಂಟಿಕ್ ಮೇಲೆ ಹಾರುವಾಗ ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ ಆಟೊಪೈಲಟ್ ಕಳಚಿಕೊಂಡಿತು. ಕೈಗೆ ಬಂದ ವಿಮಾನವನ್ನು ಪೈಲಟ್‌ಗಳು ಸರಿಯಾಗಿ ಹಿಡಿಯಲಾರದೆ 228 ಮಂದಿ ಸತ್ತರು. ಆಟೊಪೈಲಟ್ ಎಲ್ಲವನ್ನೂ ಮಾಡುತ್ತದೆ, ಪೈಲಟ್ ಸುಮ್ಮನೆ ಕೂರುತ್ತಾನೆ ಎಂಬ ಜನರ ನಂಬಿಕೆಗೆ ಇದು ಉತ್ತರ. ಪೈಲಟ್ ಹೇಳಿದ ಎತ್ತರ, ದಿಕ್ಕು, ವೇಗವನ್ನು ಆಟೊಪೈಲಟ್ ಹಿಡಿದಿಡುತ್ತದೆ. ಯಾವುದನ್ನು ಹಿಡಿಯಬೇಕೆಂದು ಅದಕ್ಕೆ ಗೊತ್ತಿಲ್ಲ. ಕುದುರೆಮುಖದ ಮೇಲೆ ಕರಿಮೋಡ ಎದ್ದಾಗ ಯಾವ ಕಡೆಯಿಂದ ಸುತ್ತಬೇಕು, ಬೆಂಗಳೂರಿಗೆ ಮರಳಲು ಇಂಧನ ಸಾಕೇ, ಇವು ಮನುಷ್ಯನ ಲೆಕ್ಕಗಳು. ಬಜಪೆಯಲ್ಲಿ ಕೊನೆಯ ಕೆಲವು ನೂರು ಅಡಿ ಇಳಿಸುವುದು ಕೈಯಿಂದಲೇ.

ಅಪಘಾತವಾದ ಮೇಲೆ ಹಬ್ಬುವ ಮಾತುಗಳೂ ಈ ವೃತ್ತಿಯ ಭಾರವೇ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ವಿಮಾನ ಬಿದ್ದು 260 ಮಂದಿ ತೀರಿಕೊಂಡರು. ಒಂದು ತಿಂಗಳಿಗೆ ಪ್ರಾಥಮಿಕ ವರದಿ ಬಂದ ಕೂಡಲೇ, ತನಿಖೆ ಮುಗಿಯುವ ಮೊದಲೇ, ಸತ್ತ ಪೈಲಟ್‌ಗಳ ಮೇಲೆ ತೀರ್ಪು ಬರೆದವರು ಬಹಳ. ಸತ್ತವರು ಉತ್ತರ ಕೊಡಲಾರರು. ಅವರ ಮನೆಯವರು ಅದನ್ನು ದಿನವೂ ಓದಬೇಕಾಗುತ್ತದೆ.

ಮೂಡುಬಿದಿರೆ, ಉಜಿರೆಗಳ ಪಿಯು ಕಾಲೇಜುಗಳಲ್ಲಿ ಭೌತಶಾಸ್ತ್ರ, ಗಣಿತ ಓದುವ ಸಾವಿರಾರು ಮಕ್ಕಳಲ್ಲಿ ಈ ವೃತ್ತಿಯ ಆಸೆ ಇರುವವರಿಗೆ ತಿಳಿದಿರಬೇಕಾದ ಸಂಗತಿ ಕೆಲವಿವೆ. ಹದಿನೆಂಟು ತುಂಬಿರಬೇಕು, ಪಿಯುಸಿಯಲ್ಲಿ ಆ ಎರಡು ವಿಷಯ ಓದಿರಬೇಕು, ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ ಪಾಸಾಗಬೇಕು, 200 ಗಂಟೆ ಹಾರಬೇಕು. ಕನ್ನಡಕ ಹಾಕಿಕೊಂಡವರು ಪೈಲಟ್ ಆಗಲಾರರು ಎಂಬುದು ಸುಳ್ಳು. ಕನ್ನಡಕದಿಂದ ದೃಷ್ಟಿ ಸರಿಹೋದರೆ ಸಾಕು. ಜಕ್ಕೂರಿನ ಸರ್ಕಾರಿ ವೈಮಾನಿಕ ಶಾಲೆಯಲ್ಲದೆ ಮೈಸೂರು, ಕಲಬುರಗಿ, ಬೆಳಗಾವಿಗಳಲ್ಲೂ ಹಾರಾಟದ ತರಬೇತಿ ನಡೆಯುತ್ತಾ ಬಂದಿದೆ. ಖರ್ಚು ಅರ್ಧ ಕೋಟಿ ರೂಪಾಯಿಯ ಆಸುಪಾಸು. ಅದರ ಮೇಲೆ ಒಂದು ಮಾದರಿಯ ದೊಡ್ಡ ವಿಮಾನಕ್ಕೆ ಬೇಕಾದ ತರಬೇತಿಗೆ ಮತ್ತಷ್ಟು ಲಕ್ಷ. ಅಡಿಕೆ ತೋಟ ಅಡವಿಟ್ಟು ಓದಿಸುವ ಮನೆಯವರು ಲೈಸೆನ್ಸ್ ಸಿಕ್ಕಿದ ಮರುದಿನವೇ ಲಕ್ಷಗಟ್ಟಲೆ ಸಂಬಳ ಎಂದು ನಂಬಬಾರದು. ಲೈಸೆನ್ಸ್ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕೆಲಸಕ್ಕೆ ಕಾದವರು ದೇಶದಲ್ಲಿ ಬಹಳ ಮಂದಿ ಇದ್ದಾರೆ. ಆ ಸಾಲದ ಭಾರವೂ ಕಾಕ್‌ಪಿಟ್‌ನಲ್ಲಿ ‘ಆಗುವುದಿಲ್ಲ’ ಎನ್ನುವ ನಾಲಿಗೆಯನ್ನು ಹಿಡಿದಿಡುತ್ತದೆ.

ಹೆಣ್ಣುಮಕ್ಕಳಿಗೆ ಇದು ಹೊಂದುವುದಿಲ್ಲ ಎಂಬ ಮಾತು ಈ ದೇಶದಲ್ಲಿ ನಿಲ್ಲುವುದಿಲ್ಲ. ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇಕಡಾ 15 ಮಹಿಳೆಯರು; ಜಗತ್ತಿನ ಸರಾಸರಿ ಅದರ ಅರ್ಧವೂ ಇಲ್ಲ. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಾಗಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದವರು ಎಲ್ಲರೂ ಮಹಿಳೆಯರೇ.

ಲೈಸೆನ್ಸ್ ಒಮ್ಮೆ ಸಿಕ್ಕಿದರೆ ಮುಗಿಯಲಿಲ್ಲ. ಸಿಮ್ಯುಲೇಟರ್‌ನಲ್ಲಿ ಎಂಜಿನ್ ಕೆಟ್ಟಂತೆ, ಹೊಗೆ ತುಂಬಿದಂತೆ ಮಾಡಿ ಆರಾರು ತಿಂಗಳಿಗೆ ಪರೀಕ್ಷೆ. ಮೆಡಿಕಲ್ ಕೂಡ ಮತ್ತೆ ಮತ್ತೆ. ವಯಸ್ಸು ಏರಿದಂತೆ ಅದರ ಅಂತರ ಕಿರಿದಾಗುತ್ತದೆ. ಹಾರುವ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ, ಉಸಿರಿನ ಪರೀಕ್ಷೆ ಇದೆ. ಮದ್ಯಾಂಶವಿರುವ ಬಾಯಿ ತೊಳೆಯುವ ದ್ರಾವಣ, ಔಷಧಗಳೂ ನಿಷಿದ್ಧ. ಮಳೆಗಾಲಕ್ಕೆ ಮನೆಯಲ್ಲಿ ಅಜ್ಜಿ ಕೊಡುವ ದಶಮೂಲಾರಿಷ್ಟದಲ್ಲೂ ಹುದುಗುವಾಗ ಹುಟ್ಟಿದ ಮದ್ಯಾಂಶ ಇರುತ್ತದೆ. ಮರುದಿನ ಡ್ಯೂಟಿ ಇದ್ದರೆ ಅದನ್ನೂ ಬೇಡ ಎನ್ನಬೇಕು. ಈ ಕ್ರಮ 65 ವರ್ಷ ತುಂಬುವವರೆಗೆ ನಡೆಯುತ್ತದೆ. ಅದರ ಮರುದಿನ, ಆರೋಗ್ಯ ಎಷ್ಟೇ ಗಟ್ಟಿಯಿದ್ದರೂ, ಪ್ರಯಾಣಿಕರ ವಿಮಾನದ ಕಾಕ್‌ಪಿಟ್‌ನಲ್ಲಿ ಕೂರುವಂತಿಲ್ಲ.